ಕುಪ್ರಶ್ನೋತ್ತರ ಮತಮೀಮಾಂಸೆ

ಶಾಸ್ತ್ರಗ್ರಂಥವನ್ನು ಬರೆಯತೊಡಗುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಿಗೇ ನಿರೂಪಿಸತಕ್ಕದ್ದೆಂಬುದು ನಮ್ಮ ಪೂರ್ವಿಕರು ಹಾಕಿಕೊಟ್ಟ ಮರ್ಯಾದೆ. ಆ ಮರ್ಯಾದೆಯನ್ನು ಮುರಿಯುವ ಧೈರ್ಯವಾಗಲಿ, ಅದನ್ನು ಸಾಂಗವಾಗಿ ನಡೆಸುವ ಪಾಂಡಿತ್ಯವಾಗಲಿ ಪ್ರಕೃತ ಲೇಖಕನಲ್ಲಿಲ್ಲ. ಆದರೂ ವಿಷಯವು ಗಹನವಾಗಿರುವುದರಿಂದಲೂ, ಇದನ್ನು ಕುರಿತು ನಡುರಾತ್ರಿಯವರೆಗೆ ಕಚ್ಚಾಡುವ ಮಹನೀಯರು ಲೋಕದಲ್ಲಿ ವಿಪುಲವಾಗಿರುವುದರಿಂದಲೂ, ಆದಷ್ಟು ಕ್ರಮಬದ್ಧವಾಗಿ ಹೊರಡುವುದೇ ಕ್ಷೇಮವೆಂದು ತೋರುತ್ತದೆ. ವಿಷಯವಿದು: ಅಂತರ್ಜಾಲದ ಪ್ರಶ್ನೋತ್ತರ ಸಭೆಯಲ್ಲಿ ಒಬ್ಬನು ಕೆಟ್ಟ ಪ್ರಶ್ನೆಯೊಂದನ್ನು ಕೇಳಿ, ಮತ್ತೊಬ್ಬನು ಅದಕ್ಕೆ ಒಳ್ಳೆಯ ಉತ್ತರವನ್ನು ಕೊಟ್ಟಲ್ಲಿ, ಮೂರನೆಯವನಾದ ಸಭಾಸದನು ಆ ಉತ್ತರಕ್ಕೆ ತನ್ನ ಮತವನ್ನು ಹೇಗೆ ಸಲ್ಲಿಸತಕ್ಕದ್ದು? ಪ್ರಯೋಜನವೆಂದರೆ ಚಿತ್ತಶಾಂತಿ. ಸಂಬಂಧವು ವಿಷಯಕ್ಕೂ ಪ್ರಬಂಧಕ್ಕೂ ಇರುವುದೆಂದು ಲೇಖಕನ ನಂಬಿಕೆ. ಇನ್ನುಳಿದದ್ದು ಅಧಿಕಾರಿ, ಇಲ್ಲಿ ಸ್ವಲ್ಪ ನಿಲ್ಲಬೇಕು.

ಅಧಿಕಾರಿನಿರ್ಣಯಕ್ಕೆ ಸ್ಟಾಕ್ ಓವರ್‌ಫ್ಲೋ ಎಂಬ ಸಭೆಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಜೋಯೆಲ್ ಸ್ಪೋಲ್ಸ್ಕಿ, ಜೆಫ್ ಆಟ್‌ವುಡ್ ಎಂಬಿಬ್ಬರು 2008ರಲ್ಲಿ ಸ್ಥಾಪಿಸಿದ ಈ ಸಭೆಗೆ, ಗಣಕಯಂತ್ರಗಳಿಗೆ ಆಜ್ಞೆ ಬರೆದು ಬದುಕುವ ಜಗತ್ತಿನ ಸಮಸ್ತ ಜನರೂ, ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಸೌಧಗಳಲ್ಲಿ ಕುಳಿತ ನಮ್ಮವರೂ ಸೇರಿದಂತೆ, ಕೆಲಸ ಕೈಕೊಟ್ಟಾಗಲೆಲ್ಲ ಬಂದು ಬಾಗಿಲು ತಟ್ಟುವುದು ಬಹುಕಾಲದ ವಾಡಿಕೆ. ಇಲ್ಲಿ ಪ್ರತಿಯೊಂದು ಪ್ರಶ್ನೆಯ ಪಕ್ಕದಲ್ಲಿಯೂ ಪ್ರತಿಯೊಂದು ಉತ್ತರದ ಪಕ್ಕದಲ್ಲಿಯೂ ಮೇಲ್ಮುಖವಾದ ಬಾಣವೊಂದು, ಕೆಳಮುಖವಾದ ಬಾಣವೊಂದು ಇರುತ್ತವೆ. ಲೋಕವು ಇವನ್ನು ಅಪ್‌ವೋಟು, ಡೌನ್‌ವೋಟು ಎಂದು ಕರೆಯುವುದು. ನಾವು ಶಾಸ್ತ್ರಗೌರವಕ್ಕಾಗಿ ಊರ್ಧ್ವಬಾಣ, ಅಧೋಬಾಣ ಎನ್ನೋಣ. ಉತ್ತರಕ್ಕೆ ಬಿದ್ದ ಒಂದು ಊರ್ಧ್ವಬಾಣದಿಂದ ಉತ್ತರಿಸಿದವನ ಕೀರ್ತಿ 10 ಅಂಕ ಏರುತ್ತದೆ. ಒಂದು ಅಧೋಬಾಣದಿಂದ 2 ಅಂಕ ಇಳಿಯುತ್ತದೆ. ಕೀರ್ತಿಯನ್ನು ಹೀಗೆ ಅಂಕೆಯಲ್ಲಿ ಎಣಿಸಿ ಹೆಸರಿನ ಪಕ್ಕದಲ್ಲಿಯೇ ಬರೆದಿಡುವ ಸೌಕರ್ಯವು ನಮ್ಮ ಆಸ್ಥಾನಕವಿಗಳಿಗೆ ಒದಗಿದ್ದಿದ್ದರೆ ಅವರ ಬಿರುದುಗಳ ಪಟ್ಟಿ ಎಷ್ಟೋ ಚಿಕ್ಕದಾಗುತ್ತಿತ್ತು. ಅದಿರಲಿ, ಸಭೆಯ ಸಂವಿಧಾನವು ಬಹುಕಾಲ ವಿಧಿಸಿಕೊಂಡು ಬಂದಂತೆ, ಹೊಗಳುವ ಬಾಣವನ್ನು ಹೂಡಲು 15 ಅಂಕಗಳ ಕೀರ್ತಿ ಸಾಕು, ತೆಗಳುವ ಬಾಣವನ್ನು ಹೂಡಲು 125 ಬೇಕು. ಹೊಗಳಿಕೆಗೆ ಅಲ್ಪಾರ್ಹತೆ, ತೆಗಳಿಕೆಗೆ ಅಧಿಕಾರ್ಹತೆ ಎಂಬ ಈ ತತ್ತ್ವವನ್ನು ಕನ್ನಡದ ಪುಸ್ತಕವಿಮರ್ಶೆಗೂ ಅನ್ವಯಿಸಬಹುದೇ ಎಂಬ ವಿಚಾರ ಸ್ವಾರಸ್ಯವುಳ್ಳದ್ದಾದರೂ ಪ್ರಕೃತವಲ್ಲ.

ಕುಪ್ರಶ್ನವೆಂದರೆ ಯಾವುದು? ತಿಳಿಯದವನು ಕೇಳಿದ್ದೆಲ್ಲವೂ ಕುಪ್ರಶ್ನವೆಂದರೆ ಅತಿವ್ಯಾಪ್ತಿದೋಷ ತಗಲುತ್ತದೆ. ತಿಳಿದವರೇ ಕೇಳತಕ್ಕದ್ದಾದರೆ ಸಭೆಯ ದೀಪದೆಣ್ಣೆ ದಂಡ. ಭಾಷೆ ಕೆಟ್ಟದ್ದು ಕುಪ್ರಶ್ನವೆಂದರೆ ಅವ್ಯಾಪ್ತಿದೋಷ. ನಿರ್ದುಷ್ಟವಾದ ವ್ಯಾಕರಣದಲ್ಲಿ, ವಂದನಾರ್ಪಣೆಯೂ ಸೇರಿ, ಏನನ್ನೂ ಕೇಳದೆ ಮುಗಿಯುವ ಪ್ರಶ್ನೆಗಳನ್ನು ಉಪನ್ಯಾಸಗಳ ಕೊನೆಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ಆದಕಾರಣ ಲಕ್ಷಣವನ್ನು ಹೀಗೆ ಹೇಳಬಹುದು: ಕೇಳುವವನು ತಾನೇ ಪಡಬಹುದಾಗಿದ್ದ ಶ್ರಮವನ್ನು ಕೇಳಿಸಿಕೊಳ್ಳುವವನ ತಲೆಗೆ ಕಟ್ಟುವ ವಾಕ್ಯಸಮೂಹವೇ ಕುಪ್ರಶ್ನ. ಲಕ್ಷಣಕ್ಕೆ ಒಂದು ಲಕ್ಷ್ಯವೂ ಬೇಕಷ್ಟೆ. ಶಿರೋನಾಮೆಯಲ್ಲಿ ‘ತುರ್ತು!!! ದಯವಿಟ್ಟು ಬೇಗ!!!’ ಎಂದಿರುತ್ತದೆ; ತುರ್ತು ಯಾವುದರದೆಂಬ ಸುಳಿವಿಲ್ಲ. ಅದರಡಿಯಲ್ಲಿ ಗಣಕದ ಪರದೆಯನ್ನು ಮೊಬೈಲಿನಿಂದ ಓರೆಯಾಗಿ ತೆಗೆದ ಚಿತ್ರ. ಅದರಲ್ಲಿ ಕೋಡಿಗಿಂತ ಸ್ಫುಟವಾಗಿ ಕಾಣುವುದು ಸೂರಿನಲ್ಲಿ ತಿರುಗುತ್ತಿರುವ ಫ್ಯಾನಿನ ಪ್ರತಿಬಿಂಬ, ಮತ್ತು ಮೂಲೆಯಲ್ಲಿ ಅರ್ಧ ಕುಡಿದಿಟ್ಟ ಕಾಫಿಯ ಲೋಟ. ಚಿತ್ರದ ಕೆಳಗೆ, ‘0.1ಕ್ಕೆ 0.2 ಕೂಡಿಸಿದರೆ ತಪ್ಪು ಬರುತ್ತಿದೆ. ಏಕೆ?’ ಬಂದದ್ದೇನು, ಬರಬೇಕಾಗಿದ್ದುದೇನು, ಬರೆದದ್ದು ಯಾವ ಭಾಷೆಯಲ್ಲಿ, ತಾನು ಮಾಡಿ ನೋಡಿದ ಪರಿಹಾರಗಳಾವುವು ಎಂಬ ಒಂದು ಮಾತೂ ಇಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪ್ರಶ್ನಕರ್ತನೇ ಕೆಳಗೆ ‘ಯಾರಾದರೂ ಇದ್ದೀರಾ?’ ಎಂದು ಕೂಗಿರುತ್ತಾನೆ.

ಇದ್ದಾರೆ. ಯಾವುದೋ ದೇಶದಲ್ಲಿ, ಯಾವುದೋ ಹೊತ್ತಿನಲ್ಲಿ, ಮಾಡಬೇಕಾದ ಕೆಲಸವನ್ನು ಬದಿಗೊತ್ತಿ ಪುಣ್ಯಾತ್ಮನೊಬ್ಬನು ಉತ್ತರ ಬರೆಯಲು ಕೂಡುತ್ತಾನೆ. ಹತ್ತರ ಅಂಕಪದ್ಧತಿಯಲ್ಲಿ ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಮುಗಿಯದೆ ಸಾಗುವಂತೆಯೇ, ಗಣಕವು ಬಳಸುವ ಎರಡರ ಅಂಕಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವು ಮುಗಿಯದೆ ಸಾಗುವುದೆಂದು ಅವನು ವಿವರಿಸುತ್ತಾನೆ. 1985ರಲ್ಲಿ ಹೊರಬಂದ ಐಇಇಇ 754 ಎಂಬ ಮಾನಕದಂತೆ ಆ ಬಾಲವನ್ನು 53 ದ್ವಿಮಾನಾಂಕಗಳಿಗೆ ಕತ್ತರಿಸಬೇಕಾಗುವುದೆಂದೂ, ಹಾಗೆ ಕತ್ತರಿಸಿದ ಎರಡು ಸಂಖ್ಯೆಗಳನ್ನು ಕೂಡಿಸಿದಾಗ 0.3 ಬಾರದೆ 0.30000000000000004 ಬರುವುದೆಂದೂ, ಆದಕಾರಣ ಯಂತ್ರವು ಕೆಟ್ಟಿಲ್ಲವೆಂದೂ, ಹಣದ ಲೆಕ್ಕವನ್ನು ಎಂದಿಗೂ ಇಂಥ ದಶಮಾಂಶಗಳಲ್ಲಿಡದೆ ಪೈಸೆಗಳ ಪೂರ್ಣಾಂಕದಲ್ಲಿಡುವುದು ಲೇಸೆಂದೂ, ಒಂದೊಂದಕ್ಕೂ ಉದಾಹರಣೆ ಕೊಟ್ಟು, ಐದು ಪರಿಚ್ಛೇದಗಳಲ್ಲಿ ಸಾವಧಾನವಾಗಿ ಹೇಳುತ್ತಾನೆ. ಪ್ರಶ್ನಕರ್ತನು ಇದನ್ನು ಓದದೆ, ಬೇರೊಬ್ಬನು ಕೊಟ್ಟ ಒಂದು ಸಾಲಿನ ಕೋಡನ್ನು ನಕಲು ಮಾಡಿಕೊಂಡು ಹೊರಟುಹೋಗುವುದು ಕಥೆಯ ಮುಂದಿನ ಭಾಗ. ಅದು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬಾರದು.

ಸಂಶಯವು ಹುಟ್ಟುವುದು ಇಲ್ಲಿ. ಈ ಐದು ಪರಿಚ್ಛೇದಗಳನ್ನು ಮೆಚ್ಚಿ ಊರ್ಧ್ವಬಾಣವನ್ನು ಬಿಡಬೇಕೋ, ಅಪಾತ್ರನಿಗೆ ದಾನಗೈದ ತಪ್ಪಿಗಾಗಿ ಅಧೋಬಾಣವನ್ನು ಬಿಡಬೇಕೋ, ಅಥವಾ ಎರಡನ್ನೂ ಮುಟ್ಟದೆ ಕಣ್ಣು ಮುಚ್ಚಿಕೊಂಡು ಮುಂದಕ್ಕೆ ಸಾಗಬೇಕೋ? ಮೌಸನ್ನು ಬಾಣದ ಮೇಲೆ ತಂದು ಕ್ಷಣಕಾಲ ನಿಲ್ಲಿಸಿದರೆ ಸಭೆಯ ಸೂತ್ರಕಾರರು ಬರೆದಿಟ್ಟ ವಾಕ್ಯವೊಂದು ಮೂಡುತ್ತದೆ. ಪ್ರಶ್ನೆಯ ಬಾಣದ ಸೂತ್ರವು ಕೇಳಿದವನ ಪರಿಶ್ರಮವನ್ನೂ ಪ್ರಶ್ನೆಯ ಸ್ಪಷ್ಟತೆಯನ್ನೂ ಉಪಯೋಗವನ್ನೂ ನೋಡಬೇಕೆನ್ನುತ್ತದೆ. ಉತ್ತರದ ಬಾಣದ ಸೂತ್ರವು ಉಪಯೋಗವೊಂದನ್ನೇ ಕೇಳುತ್ತದೆ. ಇಷ್ಟಕ್ಕೆ ವಿವಾದವು ಮುಗಿಯಬೇಕಾಗಿತ್ತು. ಆದರೆ ಸೂತ್ರವು ಸ್ಪಷ್ಟವಾಗಿದ್ದಲ್ಲಿ ಭಾಷ್ಯಕಾರರ ಹೊಟ್ಟೆಪಾಡು ನಡೆಯುವುದೆಂತು?

ಮೊದಲು ಪೂರ್ವಪಕ್ಷ. ಈ ಪಕ್ಷದವರನ್ನು ದಂಡವಾದಿಗಳೆಂದು ಕರೆಯೋಣ. ಇವರ ಕೈಯಲ್ಲಿ ಪ್ರಮಾಣಗಳಿಗೆ ಬರವಿಲ್ಲವೆಂಬುದನ್ನು ಒಪ್ಪಲೇಬೇಕು. ಕೇಳದವನಿಗೆ ಹೇಳಕೂಡದು, ಅನ್ಯಾಯದಿಂದ ಕೇಳಿದವನಿಗೂ ಹೇಳಕೂಡದು, ಅಂಥಲ್ಲಿ ಬಲ್ಲವನೂ ಜಡನಂತಿರತಕ್ಕದ್ದು ಎಂಬರ್ಥದ ವಿಧಿಯು ಮನುಸ್ಮೃತಿಯ 2ನೆಯ ಅಧ್ಯಾಯದಲ್ಲಿಯೇ ಉಂಟು. ಪ್ರಶ್ನೋಪನಿಷತ್ತಿನಲ್ಲಿ 6 ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದು ಬಂದಾಗ ಪಿಪ್ಪಲಾದ ಮಹರ್ಷಿಯು, ಒಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಇಲ್ಲಿ ವಾಸವಾಗಿದ್ದು ಆಮೇಲೆ ಕೇಳಿರಿ, ನಮಗೆ ತಿಳಿದಿದ್ದರೆ ಹೇಳುವೆವು ಎಂದನೇ ಹೊರತು, ಬಂದ ಕೂಡಲೆ ಕೋಡು ಬರೆದುಕೊಡಲಿಲ್ಲ. ಅಂಗುತ್ತರನಿಕಾಯದಲ್ಲಿ ಬುದ್ಧನು ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ನೇರವಾಗಿ ಉತ್ತರಿಸತಕ್ಕವು, ಬಿಡಿಸಿ ಉತ್ತರಿಸತಕ್ಕವು, ಮರುಪ್ರಶ್ನೆಯಿಂದ ಉತ್ತರಿಸತಕ್ಕವು ಎಂಬ ಮೂರರ ಬಳಿಕ, ಉತ್ತರಿಸದೆ ಬದಿಗಿಡತಕ್ಕವು ಎಂಬ ನಾಲ್ಕನೆಯ ವರ್ಗವನ್ನೂ ಹೇಳಿದ್ದಾನೆ. ವಿಷದ ಬಾಣ ನೆಟ್ಟವನು ಅದನ್ನು ಕೀಳಿಸಿಕೊಳ್ಳುವ ಮುನ್ನ ಬಾಣ ಬಿಟ್ಟವನ ಜಾತಿಗೋತ್ರಗಳನ್ನು ವಿಚಾರಿಸುತ್ತ ಕುಳಿತಂತೆ ಎಂದು ಅವನು ತನ್ನ ಶಿಷ್ಯ ಮಾಲುಂಕ್ಯಪುತ್ರನ ಪ್ರಶ್ನೆಗಳನ್ನು ತಳ್ಳಿಹಾಕಿದ್ದೂ ಪ್ರಸಿದ್ಧವಾಗಿದೆ. ಇಷ್ಟೆಲ್ಲ ಮಹಾತ್ಮರು ಬಾಯಿ ಮುಚ್ಚಿಕೊಂಡಲ್ಲಿ ಐದು ಪರಿಚ್ಛೇದ ಬರೆಯಲು ಇವನಾರು ಎಂಬುದು ದಂಡವಾದಿಗಳ ಆಕ್ಷೇಪ.

ಶ್ರುತಿಸ್ಮೃತಿಗಳಿಗಿಂತ ಪ್ರಬಲವಾದ ಇನ್ನೊಂದು ಯುಕ್ತಿಯೂ ಅವರಲ್ಲಿದೆ, ಅದು ಯಂತ್ರಮೂಲವಾದದ್ದು. ಸಭೆಯು ಮುಚ್ಚಿಹಾಕಿದ ಕುಪ್ರಶ್ನಗಳನ್ನು ಕೆಲವು ದಿನಗಳಾದ ಮೇಲೆ ತಾನಾಗಿ ಅಳಿಸಿಹಾಕುವ ವ್ಯವಸ್ಥೆಯೊಂದು ತೆರೆಯ ಹಿಂದೆ ನಡೆಯುತ್ತಿರುತ್ತದೆ. ನೆಲ ಗುಡಿಸುವ ಯಂತ್ರವೊಂದರ ಹೆಸರನ್ನೇ ಎರವಲು ಪಡೆದು ಸದಸ್ಯರು ಇದನ್ನು ರೂಂಬಾ ಎಂದು ಕರೆಯುತ್ತಾರೆ. ಆದರೆ ಆ ಪ್ರಶ್ನೆಯ ಕೆಳಗಿರುವ ಯಾವುದೇ ಒಂದು ಉತ್ತರಕ್ಕೆ ಊರ್ಧ್ವಬಾಣವು ಬಿದ್ದು ಅದರ ಅಂಕ ಮೇಲಕ್ಕೇರಿದ್ದಲ್ಲಿ ಯಂತ್ರವು ಹಿಂದೆಗೆಯುತ್ತದೆ. ಯಮಪಾಶವು ಬೀಸಿ ಬಂದ ಗಳಿಗೆಯಲ್ಲಿ ಲಿಂಗವನ್ನಪ್ಪಿಕೊಂಡ ಮಾರ್ಕಂಡೇಯನಂತೆ, ಫ್ಯಾನಿನ ಪ್ರತಿಬಿಂಬವುಳ್ಳ ಆ ಚಿತ್ರವು ಐದು ಪರಿಚ್ಛೇದಗಳನ್ನು ತಬ್ಬಿಕೊಂಡು ಚಿರಂಜೀವಿಯಾಗಿ ಉಳಿದುಬಿಡುತ್ತದೆ. ನೀನು ಉತ್ತರಕ್ಕೆಂದು ಕೊಟ್ಟದ್ದು ಪ್ರಶ್ನೆಗೆ ಪ್ರಾಣವಾಗಿ ಪರಿಣಮಿಸಿತಲ್ಲ, ಇದಕ್ಕೇನು ಹೇಳುವೆ ಎಂದು ಅವರು ಕೇಳಿದಾಗ ಮೆಚ್ಚುವವನ ಬೆರಳು ಒಂದು ಕ್ಷಣ ಹಿಂಜರಿಯುವುದು ಸಹಜವೇ.

ಉತ್ತರಿಸುವವನ ಅಂತರಂಗವನ್ನೂ ಸ್ವಲ್ಪ ಪರೀಕ್ಷಿಸಬೇಕಾಗಿದೆ. ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳವನ್ನು ಹೆಗಲ ಮೇಲೆ ಹೊತ್ತ ತ್ರಿವಿಕ್ರಮಸೇನನಿಗೆ ಒದಗಿದ ಸಂಕಟವೇ ಇವನದೂ: ಬಲ್ಲವನಾಗಿಯೂ ಸುಮ್ಮನಿದ್ದರೆ ತಲೆಯೊಡೆದು ಹೋಳಾಗುತ್ತದೆ, ಬಾಯಿಬಿಟ್ಟರೆ ಹೆಣವು ಮತ್ತೆ ಮರಕ್ಕೆ ಹಾರಿ ಪ್ರಯಾಣವು ಮೊದಲಿನಿಂದ ಆರಂಭವಾಗುತ್ತದೆ. ಪ್ರಶ್ನೆ ಹೀನವೆಂದು ಬಲ್ಲನು. ಆದರೂ ತಲೆಯೊಳಗಿನ ಉತ್ತರವು ನವೆಯಂತೆ ಕಾಡುತ್ತದೆ. ಇದು ಸಾತ್ತ್ವಿಕನ ಪಾಡು. ರಾಜಸರೂ ಉಂಟು. ಒಂದು ಬಾಣಕ್ಕೆ 10 ಅಂಕ, ಪ್ರಶ್ನಕರ್ತನು ಒಪ್ಪಿ ಹಸಿರು ಗುರುತು ಹಾಕಿದರೆ 15 ಅಂಕ, ಬಾಣಗಳಿಂದ ದಿನಕ್ಕೆ ಗಳಿಸಬಹುದಾದದ್ದು ಹೆಚ್ಚೆಂದರೆ 200 ಎಂಬ ಲೆಕ್ಕವನ್ನು ಬೆರಳತುದಿಯಲ್ಲಿಟ್ಟುಕೊಂಡ ಇವರು, ಪ್ರಶ್ನೆ ಎಷ್ಟು ಸುಲಭವೋ ಅಷ್ಟು ಜನ ಬಂದು ಮೆಚ್ಚುವರೆಂಬ ಮರ್ಮವನ್ನು ಅರಿತಿರುತ್ತಾರೆ. ಕುಪ್ರಶ್ನವೊಂದು ಕಾಣಿಸಿಕೊಂಡೊಡನೆ, ಹೊರಡಲಿರುವ ಬಸ್ಸಿನ ಕಿಟಕಿಯೊಳಗೆ ಟವಲು ಎಸೆದು ಸೀಟು ಹಿಡಿಯುವಂತೆ, ಒಂದೇ ಸಾಲಿನ ಅಪೂರ್ಣ ಉತ್ತರವನ್ನು ಎಲ್ಲರಿಗಿಂತ ಮೊದಲು ಹಾಕಿ, ಮೊದಲ 5 ನಿಮಿಷಗಳ ತಿದ್ದುಪಡಿಗಳು ಚರಿತ್ರೆಯಲ್ಲಿ ದಾಖಲಾಗವೆಂಬ ವಿನಾಯಿತಿಯನ್ನು ಬಳಸಿಕೊಂಡು, ಆಮೇಲೆ ನಿಧಾನವಾಗಿ ಅದನ್ನು ಹಿಗ್ಗಿಸಿ, ನಿಜವಾಗಿ ಯೋಚಿಸಿ ಬರೆಯುತ್ತಿದ್ದ ಸಾತ್ತ್ವಿಕನು ಬಂದು ಸೇರುವಷ್ಟರಲ್ಲಿ ಕಿಟಕಿಯ ಬಳಿ ಕಾಲು ಚಾಚಿ ಕುಳಿತಿರುತ್ತಾರೆ. ದಂಡವಾದಿಗಳ ಕೋಪವು ನಿಜವಾಗಿ ಇವರ ಮೇಲಿನದು. ಬೀಳುವುದು ಮಾತ್ರ ಬಹುತೇಕ ಸಾತ್ತ್ವಿಕನ ಮೇಲೆ, ಏಕೆಂದರೆ ಅವನ ಉತ್ತರವೇ ಉದ್ದವಾಗಿ ಕಣ್ಣಿಗೆ ಬೀಳುವಂಥದು.

ಈ ಸಮಸ್ಯೆಯು ನೂತನವೆಂದು ಭಾವಿಸುವುದು ಸಲ್ಲದು. ಕನ್ನಡ ಸಂಸ್ಕೃತಗಳ ಅವಧಾನಕಲೆಯಲ್ಲಿ ಕುಪ್ರಶ್ನಕ್ಕೆ ಪೀಠವನ್ನೇ ಹಾಕಿ ಕೂರಿಸಿದ್ದಾರೆ. ಅಷ್ಟಾವಧಾನದಲ್ಲಿ ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ ಮೊದಲಾದ ಕಠಿನ ವಿಭಾಗಗಳ ಪೃಚ್ಛಕರು ಗಂಭೀರವಾಗಿ ಕುಳಿತಿರುವಾಗ, ಅಪ್ರಸ್ತುತ ಪ್ರಸಂಗದ ಪೃಚ್ಛಕನೊಬ್ಬನು ಅವಧಾನಿಯು ಪದ್ಯದ ಪಾದವೊಂದನ್ನು ಮನಸ್ಸಿನಲ್ಲಿ ಹೊಂದಿಸುತ್ತಿರುವ ಹೊತ್ತನ್ನೇ ನೋಡಿ ಅಸಂಬದ್ಧವಾದ ಪ್ರಶ್ನೆಯನ್ನೆಸೆಯುತ್ತಾನೆ. ಆ ಪ್ರಶ್ನೆಯು ಕೆಟ್ಟದ್ದಾಗಿರುವುದೇ ಅದರ ಗುಣ. ಅದು ಪ್ರಸ್ತುತವಾಗಿಬಿಟ್ಟರೆ ಪೃಚ್ಛಕನು ಸೋತಂತೆ. ಅವಧಾನಿಯು ಏಕಾಗ್ರತೆ ಕೆಡದೆ ಚಟಾಕಿಯಿಂದ ಉತ್ತರಿಸಿದಾಗ ಸಭೆಯು ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆಯಿಂದ ಅಸಂಬದ್ಧಪ್ರಲಾಪಕ್ಕೆ ಉತ್ತೇಜನ ಸಿಕ್ಕೀತೆಂದು ಕೈಕಟ್ಟಿ ಕುಳಿತ ರಸಿಕನನ್ನು ಯಾರೂ ಕಂಡಿಲ್ಲ. ಬೀಚಿಯವರು ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಕಾಲದಲ್ಲಿಯೂ, ಕೆಣಕುವುದಕ್ಕೆಂದೇ ಕಳುಹಿದ ಪೆದ್ದುಪ್ರಶ್ನೆಗಳಿಗೆ ಕೊರತೆಯಿರಲಿಲ್ಲ. ಜನರು ನೆನಪಿಟ್ಟುಕೊಂಡದ್ದು ಉತ್ತರವನ್ನು. ಆದರೆ ಈ ಸಾದೃಶ್ಯವನ್ನು ಬಹಳ ದೂರ ಎಳೆಯಬಾರದು. ಅವಧಾನದಲ್ಲಿ ಪ್ರಶ್ನಕರ್ತನಿಗೆ ತನ್ನದು ಕೆಟ್ಟ ಪ್ರಶ್ನೆಯೆಂದು ಗೊತ್ತಿರುತ್ತದೆ.

ಇನ್ನು ಸಿದ್ಧಾಂತ. ಇದಕ್ಕೆ ನ್ಯಾಯಶಾಸ್ತ್ರವೇ ದಾರಿ ತೋರಿಸುತ್ತದೆ. ಗೌತಮನ ನ್ಯಾಯಸೂತ್ರಗಳಲ್ಲಿ ವಾದಿಯು ಸೋಲುವ ನೆಲೆಗಳು, ಅಂದರೆ ನಿಗ್ರಹಸ್ಥಾನಗಳು, 22. ಅವುಗಳಲ್ಲಿ ಎರಡು ನಮ್ಮ ಮತದಾರರಿಗೆಂದೇ ರಚಿತವಾದಂತಿವೆ. ಖಂಡಿಸತಕ್ಕದ್ದನ್ನು ಕಂಡೂ ಸುಮ್ಮನೆ ಬಿಡುವುದು ಪರ್ಯನುಯೋಜ್ಯೋಪೇಕ್ಷಣ; ಖಂಡಿಸತಕ್ಕದ್ದಲ್ಲದ್ದನ್ನು ಖಂಡಿಸುವುದು ನಿರನುಯೋಜ್ಯಾನುಯೋಗ. ಫ್ಯಾನಿನ ಚಿತ್ರವನ್ನು ನೋಡಿ ಪ್ರಶ್ನೆಯ ಪಕ್ಕದ ಬಾಣವನ್ನು ಒತ್ತದೆ ಕೆಳಗಿಳಿದವನು ಮೊದಲನೆಯದರಲ್ಲಿ ಬಿದ್ದನು. ಆ ಸಿಟ್ಟನ್ನು ಹೊತ್ತುಕೊಂಡೇ ಬಂದು ಐದು ಪರಿಚ್ಛೇದಗಳ ಮೇಲೆ ಅಧೋಬಾಣವನ್ನು ಬಿಟ್ಟವನು ಎರಡನೆಯದರಲ್ಲಿಯೂ ಬಿದ್ದನು. ಒಂದೇ ಓಟದಲ್ಲಿ ಎರಡು ಸೋಲು! ಕೆಟ್ಟ ಸಹವಾಸ ಮಾಡಿದನೆಂಬುದು ಉತ್ತರಿಸಿದವನ ಶೀಲದ ವಿಚಾರವಾದೀತು, 0.1ರ ದ್ವಿಮಾನರೂಪವು ಮುಗಿಯದೆ ಸಾಗುವುದೆಂಬ ಸತ್ಯಕ್ಕೆ ಅದರಿಂದ ಕಿಂಚಿತ್ತೂ ಮೈಲಿಗೆಯಿಲ್ಲ. ಪ್ರಶ್ನಕರ್ತನು ಓಡಿಹೋದ ಮೇಲೂ, ಅದೇ ತೊಡಕಿನಲ್ಲಿ ಸಿಕ್ಕು ಹುಡುಕುತ್ತ ಬರುವ ನೂರಾರು ಮಂದಿ ಮೌನಿಗಳು ಓದುವುದು ಆ ಐದು ಪರಿಚ್ಛೇದಗಳನ್ನೇ. ಸಭೆಯ ಸಂಸ್ಥಾಪಕರ ಅಭಿಪ್ರಾಯವೂ ಇದೇ ಎಂಬುದಕ್ಕೆ ಲಿಂಗವೊಂದಿದೆ: −5 ಅಂಕಕ್ಕೆ ಇಳಿದ ಪ್ರಶ್ನೆಗೆ +20 ಅಂಕದ ಉತ್ತರವನ್ನು ಕೊಟ್ಟವನಿಗೆ ರಿವರ್ಸಲ್ ಎಂಬ ಸುವರ್ಣಪದಕವನ್ನೇ ಅವರು ಇಟ್ಟಿದ್ದಾರೆ. ಕುಪ್ರಶ್ನಕ್ಕೆ ಉತ್ತರಿಸುವುದು ಅಪರಾಧವಾಗಿದ್ದರೆ ಅಪರಾಧಕ್ಕೆ ಚಿನ್ನದ ಪದಕವೇ?

ಹಾಗಾದರೆ ರೂಂಬಾದಿಂದ ಪಾರಾದ ಪ್ರಶ್ನೆಯ ಗತಿಯೇನು ಎಂಬ ಶಂಕೆ ಉಳಿಯಿತು. ಇದಕ್ಕೆ ಪರಿಹಾರವು ನಮ್ಮ ಭಾಷ್ಯಕಾರರ ಬಳಿಯಿದೆ. ಮೂಲದಲ್ಲಿ ಪ್ರಶ್ನೆಯೇ ಇಲ್ಲದ ಕಡೆ, ಇಲ್ಲವೇ ಇದ್ದ ಪ್ರಶ್ನೆಯು ದುರ್ಬಲವಾಗಿದ್ದ ಕಡೆ, ಹಾಗಿದ್ದರೆ ಹೀಗಾಗಲಾರದೇ ಎಂದು ಶಂಕೆಯೊಂದನ್ನು ತಾವೇ ಗಟ್ಟಿಯಾಗಿ ಕಟ್ಟಿ, ಅವತರಣಿಕೆಯೆಂದು ಮುಂದಿಟ್ಟು, ಅದಕ್ಕೆ ಸಮಾಧಾನವಾಗಿ ಮೂಲವಾಕ್ಯವನ್ನು ನಿಲ್ಲಿಸುವ ಅವರ ಪರಿಪಾಠವು ಸುವಿದಿತ. ಉತ್ತರದ ಘನತೆಗೆ ತಕ್ಕ ಪ್ರಶ್ನೆಯನ್ನು ಹಿಂದಿನಿಂದ ಒದಗಿಸುವ ಈ ಔದಾರ್ಯಕ್ಕೆ ಸ್ಟಾಕ್ ಓವರ್‌ಫ್ಲೋದಲ್ಲಿಯೂ ಅವಕಾಶವುಂಟು. ಎಲ್ಲ ಪ್ರಶ್ನೆಗಳ ಕೆಳಗೂ ತಿದ್ದುವ ಕೊಂಡಿ ಇರುತ್ತದೆ. 2000 ಅಂಕಗಳಿಗಿಂತ ಕಡಿಮೆಯಿರುವವರ ತಿದ್ದುಪಡಿ ಮಾತ್ರ ಪರಿಶೀಲಕರ ಮುಂದೆ ಹೋಗುತ್ತದೆ. ಅವರು ಒಪ್ಪಿದರೆ 2 ಅಂಕಗಳ ದಕ್ಷಿಣೆಯೂ ಉಂಟು. ‘ತುರ್ತು’ ಎಂಬುದನ್ನು ಅಳಿಸಿ, ‘0.1 ಮತ್ತು 0.2ರ ಮೊತ್ತ 0.3 ಏಕಾಗುವುದಿಲ್ಲ?’ ಎಂದು ಶಿರೋನಾಮೆಯನ್ನಿಟ್ಟು, ಚಿತ್ರದಲ್ಲಿದ್ದ ಎರಡು ಸಾಲು ಕೋಡನ್ನು ಅಕ್ಷರಗಳಲ್ಲಿ ಬರೆದು, ಬಂದ ಫಲವನ್ನು ಅದರ ಕೆಳಗೆ ನಮೂದಿಸಿದರೆ ಕುಪ್ರಶ್ನವು ಸುಪ್ರಶ್ನವಾಯಿತು. ಅದಕ್ಕೆ ಹಿಡಿಯುವ ಹೊತ್ತು, ಅಧೋಬಾಣವು ನ್ಯಾಯವೋ ಅನ್ಯಾಯವೋ ಎಂದು ವಾದಿಸುವ ಹೊತ್ತಿಗಿಂತ ಎಷ್ಟೋ ಕಡಿಮೆ. ಈ ಪ್ರಬಂಧವನ್ನು ಬರೆಯುವ ಹೊತ್ತಿಗಿಂತಲೂ ಕಡಿಮೆಯೆಂದು ಯಾರಾದರೂ ಹೇಳಿದರೆ ಲೇಖಕನು ಆಕ್ಷೇಪಿಸುವುದಿಲ್ಲ.

ಅಪವಾದಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗಬಹುದು. ವಿದ್ಯಾರ್ಥಿಯು ಮೇಷ್ಟರು ಕೊಟ್ಟ ಮನೆಲೆಕ್ಕವನ್ನು ಹಾಗೆಯೇ ತಂದು ಸುರಿದಾಗ, ವಿವರಣೆಯ ಒಂದಕ್ಷರವಿಲ್ಲದೆ ಪೂರ್ತಿ ಕೋಡನ್ನು ಬರೆದುಕೊಟ್ಟವನಿಗೆ ಊರ್ಧ್ವಬಾಣ ಸಲ್ಲದು. ಅದರಿಂದ ಮುಂದೆ ಬರುವ ಮೌನಿಗಳಿಗೆ ಉಪಯೋಗವಿಲ್ಲ, ಎದುರಿನ ವಿದ್ಯಾರ್ಥಿಗಂತೂ ಅಪಕಾರವೇ. ಟವಲಿನವರಿಗೆ ಟವಲಿನ ಸಾಲನ್ನು ನೋಡಿ ಮತ ಕೊಡದೆ, ಉತ್ತರ ತುಂಬಿದ ಮೇಲೆ ನೋಡಿ ಕೊಡತಕ್ಕದ್ದು. ಹಾಸ್ಯೋತ್ತರಗಳದು ಬೇರೆಯೇ ಪ್ರಕರಣ: 2009ರಲ್ಲಿ, ಎಚ್‌ಟಿಎಂಎಲ್ ಬರಹವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಸಾಧನದಿಂದ ಸೀಳುವುದೆಂತೆಂದು ಕೇಳಿದ ಒಂದು ಸಾಧಾರಣ ಪ್ರಶ್ನೆಗೆ, ಹಾಗೆ ಮಾಡಕೂಡದೆಂದು ಆರಂಭಿಸಿದ ಉತ್ತರವೊಂದು ಬರಬರುತ್ತ ಉನ್ಮಾದಕ್ಕೇರಿ, ಕೊನೆಗೆ ಅಕ್ಷರಗಳೇ ಮೇಲಕ್ಕೂ ಕೆಳಕ್ಕೂ ಕರಗಿ ಸೋರುವಂತೆ ಬರೆಯಲ್ಪಟ್ಟು, ಸಾವಿರಾರು ಊರ್ಧ್ವಬಾಣಗಳನ್ನು ಗಳಿಸಿದೆ. ಕೇಳಿದವನಿಗೆ ಅದು ಉತ್ತರವೇ ಅಲ್ಲವೆಂದು ಗೊಣಗುವವರು ಇಂದಿಗೂ ಇದ್ದಾರೆ. ಅವರು ಹೇಳುವುದು ಸರಿ; ಆದರೂ ಲೇಖಕನ ಮತ ಆ ಉತ್ತರಕ್ಕೇ.

ಪ್ರಶ್ನಕರ್ತರೆಲ್ಲ ಈಗ ಬುದ್ಧಿಯಂತ್ರಗಳ ಬಳಿಗೆ ಹೋಗುತ್ತಿರುವಾಗ ಈ ಮೀಮಾಂಸೆಯೇ ನಿಷ್ಪ್ರಯೋಜಕವಲ್ಲವೇ ಎಂದು ಕೊನೆಯದಾಗಿ ಶಂಕಿಸಬಹುದು. ಯಂತ್ರಗಳು ಕುಪ್ರಶ್ನಕ್ಕೆ ಸಿಡುಕದೆ ಉತ್ತರಿಸುವುದು ನಿಜ. ಅವು ಬರೆದುಕೊಟ್ಟ ಉತ್ತರಗಳನ್ನು ಜನರು ಸಭೆಗೆ ತಂದು ಸುರಿಯತೊಡಗಿದಾಗ ಅಂಥವನ್ನು ನಿಷೇಧಿಸಿ ಸಭೆಯು 2022ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಬೇಕಾಯಿತು. ಆದರೆ ಆ ಯಂತ್ರಗಳು ಕಲಿತದ್ದರಲ್ಲಿ ಸಾತ್ತ್ವಿಕರು ಬರೆದಿಟ್ಟ ಪರಿಚ್ಛೇದಗಳೂ ಸೇರಿವೆಯಾದ್ದರಿಂದ ಅವನ್ನು ಗೌರವಿಸುವ ವಿಧಿಯು ಹಳತಾಗಿಲ್ಲ.

ಆದಕಾರಣ ಸಭಾಸದರಲ್ಲಿ ವಿನಂತಿಯಿಷ್ಟೆ. ಉತ್ತರವನ್ನು ಕಡೆಯ ಸಾಲಿನವರೆಗೆ ಓದಿರಿ. ಉಪಯೋಗವಿದ್ದರೆ ಮೇಲಕ್ಕೊತ್ತಿರಿ, ತಪ್ಪಿದ್ದರೆ ಕೆಳಕ್ಕೊತ್ತಿರಿ, ಎರಡೂ ಅಲ್ಲವಾದರೆ ಕೈಯನ್ನು ಮಡಿಲಲ್ಲಿಟ್ಟುಕೊಳ್ಳಿರಿ. ಉತ್ತರದ ಮೇಲೆ ಬಿಟ್ಟ ಒಂದೊಂದು ಅಧೋಬಾಣಕ್ಕೂ ಬಿಟ್ಟವರ ಕೀರ್ತಿಯಿಂದಲೇ 1 ಅಂಕ ಕಳೆಯುತ್ತದೆ. ಪ್ರಶ್ನೆಯ ಮೇಲೆ ಸಿಟ್ಟಿದ್ದವರಿಗೆ ಪ್ರಶ್ನೆಯ ಪಕ್ಕದಲ್ಲಿಯೇ ಬಾಣವಿದೆ. ಅದನ್ನೊತ್ತಲು ಏನೂ ಖರ್ಚಿಲ್ಲ.